ಅಗ್ಗದ ಆಟದ ಪೆಟ್ಟಿಗೆ

ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವೆ ಚಂದ್ರವಳ್ಳಿಯ ಕಣಿವೆಯುಂಟು. 1909ರಲ್ಲಿ ಆರ್. ನರಸಿಂಹಾಚಾರ್ಯರೂ, 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿಯ ನೆಲವನ್ನು ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿಯ ನಾಣ್ಯಗಳೂ, ಚೀನದ ಹಾನ್ ದೊರೆ ವೂ-ತಿಯ ಕಾಲದ್ದೆಂದು ಗುರುತಿಸಲಾದ ನಾಣ್ಯವೊಂದೂ ಆ ಮಣ್ಣಿನಿಂದ ಹೊರಬಂದುವು. ಕಡಲಿಗೆ ಇಷ್ಟು ದೂರವಾದ ನಮ್ಮ ಬಯಲುಸೀಮೆಗೆ ಪರದೇಶದ ಸರಕು ಬರುವುದು ಇಂದು ನೆನ್ನೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಅಂಥದೇ ಒಂದು ಪರದೇಶದ ಸರಕಿನ ವಿಚಾರ. ಅದು ನಾಣ್ಯವಲ್ಲ, ರತ್ನವಲ್ಲ, ಟಿ.ವಿ.ಗೆ ಸಿಕ್ಕಿಸಿ ಮಕ್ಕಳು ಆಡುವ ಅಗ್ಗದ ಆಟದ ಪೆಟ್ಟಿಗೆ. ಇಷ್ಟು ಅಲ್ಪವಾದ ವಸ್ತುವಿಗೂ ಚರಿತ್ರೆಯೆ ಎಂದು ನಗುವ ವಾಚಕರಿರಬಹುದು. ಆದರೆ ಹಳೆಯ ಜನರ ಬಾಳನ್ನು ನಮಗೆ ತಿಳಿಸಿಕೊಟ್ಟಿರುವುದು ಕಿರೀಟಗಳಿಗಿಂತ ಹೆಚ್ಚಾಗಿ ಒಡೆದ ಮಡಕೆಯ ಚೂರುಗಳೇ ಅಲ್ಲವೆ? ಮೇಲಾಗಿ ಈ ಚರಿತ್ರೆಯಿಂದ ಇಂದು ನಮಗೊಂದು ಪ್ರಯೋಜನವೂ ಉಂಟು. ಹೊಸಹೊಸ ತಯಾರಕರು ಎರಡು ಮೂರು ಸಾವಿರ ರೂಪಾಯಿಗೆ ಆಟದ ಯಂತ್ರಗಳನ್ನು ಮಾರುಕಟ್ಟೆಗೆ ಸುರಿಯುತ್ತಿದ್ದಾರೆ. ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಇರುವ ತಂದೆತಾಯಿಗಳು ಮಗುವಿಗೆ ಅದನ್ನು ಕೊಡಿಸುವ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಬಾಳಿಕೆ ಬಂದೀತೆ? ಆ ಪ್ರಶ್ನೆಗೆ ಉತ್ತರವು ಜಾಹೀರಾತಿನಲ್ಲಿಲ್ಲ. ಹಿಂದಿನ ಅರ್ಧ ಶತಮಾನದ ಕಥೆಯಲ್ಲಿದೆ.

ಕಲ್ಲಿನ ಮೇಲೆ ಕೊರೆದ ಆಟ

ಅಗ್ಗದ ಆಟವೆಂದರೆ ನಮ್ಮವರಿಗೆ ಹೊಸದೇನಲ್ಲ. ಹಳೆಯ ದೇವಾಲಯಗಳ ಜಗುಲಿಗಳಲ್ಲಿ ಅಳಗುಳಿ ಮಣೆಯ ಗುಳಿಗಳನ್ನೂ ಹುಲಿ-ಕುರಿ ಆಟದ ಗೆರೆಗಳನ್ನೂ ಕಲ್ಲಿನ ಮೇಲೆ ಕೊರೆದಿರುವುದನ್ನು ಕನ್ನಡ ನಾಡಿನಲ್ಲಿ ಓಡಾಡಿದವರೆಲ್ಲ ಬಲ್ಲರು. ಕಲ್ಲು ಸಿಕ್ಕದಿದ್ದರೆ ಇದ್ದಿಲಿನ ಒಂದು ಗೆರೆ, ನಾಲ್ಕು ಹುಣಿಸೆಬೀಜ; ಅಷ್ಟಕ್ಕೇ ಚೌಕಾಬಾರ ನಡೆಯುತ್ತಿತ್ತು. ಅರಮನೆಯವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವನ್ನೇ ಆಟಗಳಿಗಾಗಿ ಮೀಸಲಿಟ್ಟರು.

ಈ ಆಟಗಳಲ್ಲಿ ಒಂದು ಗುಣವನ್ನು ಗಮನಿಸಬೇಕು. ಮಣೆ ಮಾಡಿದ ಬಡಗಿ ಸತ್ತುಹೋದರೂ ಆಟ ಸಾಯುತ್ತಿರಲಿಲ್ಲ. ಕವಡೆ ಕಳೆದುಹೋದರೆ ಬೀಜ ಬಂತು. ಮಣೆ ಮುರಿದರೆ ನೆಲವೇ ಮಣೆಯಾಯಿತು. ಆಟದ ನಿಯಮ ಯಾರ ಸ್ವತ್ತೂ ಆಗಿರಲಿಲ್ಲ. ಈ ಗುಣವನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಮಣ್ಣಿನಲ್ಲಿ ಹೂತ ಆಟ

ಟಿ.ವಿ.ಗೆ ಸೇರಿಸುವ ಆಟದ ಯಂತ್ರವನ್ನು ಮನೆಮಾತಾಗಿಸಿದ್ದು ಅಮೆರಿಕದ ಅಟಾರಿ ಸಂಸ್ಥೆ. ಅದರ ಪ್ರಸಿದ್ಧ ಯಂತ್ರ ಹೊರಬಂದದ್ದು 1977ರಲ್ಲಿ. ಯಂತ್ರ ಒಂದೇ, ಕ್ಯಾಸೆಟ್ಟು ಬದಲಿಸಿದರೆ ಆಟ ಬದಲಾಗುತ್ತದೆಂಬುದು ಅದರ ಉಪಾಯ. ಲಾಭವನ್ನು ಕಂಡು ಹತ್ತಾರು ಹೊಸ ತಯಾರಕರು ನುಗ್ಗಿದರು. ಅವಸರದಲ್ಲಿ ಮಾಡಿದ ಕಳಪೆ ಆಟಗಳು ಅಂಗಡಿಗಳನ್ನು ತುಂಬಿದುವು. 1982ರ ಕ್ರಿಸ್‌ಮಸ್‌ಗೆಂದು ಒಂದು ಪ್ರಖ್ಯಾತ ಚಲನಚಿತ್ರದ ಹೆಸರಿನ ಆಟವನ್ನು ಅಟಾರಿಯವರು ಐದೇ ವಾರಗಳಲ್ಲಿ ಬರೆಸಿದರಂತೆ. ಕೊಂಡವರು ಬೇಸತ್ತರು, ಅಂಗಡಿಯವರು ಸರಕನ್ನು ಹಿಂದಿರುಗಿಸಿದರು. 1983ರಲ್ಲಿ ಇಡೀ ವ್ಯಾಪಾರ ಕುಸಿದುಬಿತ್ತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ಹೇರಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು.

2014ರ ಏಪ್ರಿಲ್‌ನಲ್ಲಿ ಆ ಗುಂಡಿಯನ್ನು ಪುರಾತತ್ತ್ವಜ್ಞರ ಸಮಕ್ಷಮದಲ್ಲಿ ಮತ್ತೆ ಅಗೆದರು. ಸುಮಾರು 1,300 ಕ್ಯಾಸೆಟ್ಟುಗಳು ಹೊರಬಂದುವು. ಚಂದ್ರವಳ್ಳಿಯ ನಾಣ್ಯಗಳು ಭೂಮಿಯೊಳಗೆ ಸೇರಲು ಯುಗವೇ ಕಳೆಯಬೇಕಾಯಿತು. ಈ ಸರಕಿಗೆ ಒಂದು ವರ್ಷ ಸಾಕಾಯಿತು. ತಯಾರಕರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಆಟ ಹೆಚ್ಚುವುದಿಲ್ಲ ಎಂಬುದು ಈ ಕಥೆಯ ಮೊದಲ ಪಾಠ.

ಕ್ಯೋಟೋ ನಗರದ ಎಲೆಯಾಟದವರು

ಅದೇ 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರಾಟಕ್ಕಿಟ್ಟಿತು. ಇವರೇನೂ ವಿದ್ಯುತ್ ಯಂತ್ರಗಳ ಮನೆತನದವರಲ್ಲ. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಆಟದ ಎಲೆಗಳನ್ನು ಮಾಡಲು ತೊಡಗಿದವರು. ಯಂತ್ರದ ಬೆಲೆ 14,800 ಯೆನ್. ಇಷ್ಟಕ್ಕೆ ಕೊಡಲು ಸಾಧ್ಯವಾದದ್ದು ಹೇಗೆಂದರೆ, ಅದರ ಮಿದುಳಾದ ಚಿಪ್ಪಿನ ಮೂಲ 1975ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿಯವರು 25 ಡಾಲರಿಗೆ ಮಾರಿದ 6502 ಎಂಬ ಚಿಪ್ಪು. ಆ ಬಗೆಯ ಬೇರೆ ಚಿಪ್ಪುಗಳಿಗೆ ಆಗ ನೂರಾರು ಡಾಲರ್ ಬೆಲೆಯಿತ್ತು. ಮುಂದೆ ಪಾಶ್ಚಾತ್ಯ ದೇಶಗಳಿಗೆ ಹೋದ ರೂಪವನ್ನೂ ಸೇರಿಸಿ ಆರು ಕೋಟಿಗೂ ಮೀರಿ ಈ ಯಂತ್ರಗಳು ಮಾರಾಟವಾದುವು.

ಅಮೆರಿಕಕ್ಕೆ ಕಳುಹಿಸಿದ ಯಂತ್ರದಲ್ಲಿ ನಿಂಟೆಂಡೊದವರು ಬೀಗದ ಚಿಪ್ಪೊಂದನ್ನು ಇಟ್ಟರು. ತಮ್ಮ ಒಪ್ಪಿಗೆಯಿಲ್ಲದ ಕ್ಯಾಸೆಟ್ಟು ಅದರಲ್ಲಿ ನಡೆಯದಂತೆ ಮಾಡಿದರು. ಜಪಾನಿನ ಮೂಲ ಯಂತ್ರದಲ್ಲಿ ಆ ಬೀಗವಿರಲಿಲ್ಲ. ಬಾಗಿಲು ತೆರೆದಿತ್ತು. ತೈವಾನ್, ಹಾಂಗ್‌ಕಾಂಗ್, ಚೀನಗಳ ಕುಶಲಿಗಳು ಅದನ್ನು ನಕಲು ಮಾಡಿದರು. ಚೀನದಲ್ಲಿ ಸುಬೋರ್, ರಷ್ಯದಲ್ಲಿ 1992ರ ಕೊನೆಗೆ ಬಂದ ಡೆಂಡಿ, ಹೀಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಭಾರತದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳು. ರಷ್ಯದ ಮಕ್ಕಳಿಗೂ ನಮ್ಮ ಮಕ್ಕಳಿಗೂ ಅವರವರ ಪೆಟ್ಟಿಗೆಯೇ ಮೂಲ. ಅದು ಯಾವುದರ ನಕಲೆಂಬುದು ಗೊತ್ತಾದದ್ದು ದೊಡ್ಡವರಾದ ಮೇಲೆ.

ಹೆದ್ದಾರಿಯಲ್ಲಿ ಬಂದ ಪೆಟ್ಟಿಗೆ

ನಮ್ಮ ಸೀಮೆಗೆ ಇದು ಬಂದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು ನೆಲ ಹದವಾಗಿತ್ತು. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಗಿ, 1982ರ ಏಷ್ಯಾಡ್ ಕ್ರೀಡೆಗಳ ಹೊತ್ತಿಗೆ ಬಣ್ಣದ ಟಿ.ವಿ. ದೇಶಕ್ಕೆ ಬಂದು, ಮುಂದಿನ ಹತ್ತು ವರ್ಷಗಳಲ್ಲಿ ತಾಲ್ಲೂಕು ಪಟ್ಟಣಗಳ ಮನೆಗಳಲ್ಲಿಯೂ ಪೆಟ್ಟಿಗೆ ಕೂತಿತ್ತು. ಪುಣೆ-ಬೆಂಗಳೂರು ಹೆದ್ದಾರಿ ಚಿತ್ರದುರ್ಗವನ್ನೂ ಹಿರಿಯೂರನ್ನೂ ಹಾದುಹೋಗುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲು ಜಂಕ್ಷನ್. ಮುಂಬಯಿಯ ಸರಕಿಗೂ ಬೆಂಗಳೂರಿನ ಸರಕಿಗೂ ನಮ್ಮೂರುಗಳು ದಾರಿಯ ಮೇಲಿನ ನಿಲ್ದಾಣಗಳು. ವಿದೇಶದ ಬಳಕೆಯ ವಸ್ತುಗಳ ಆಮದಿಗೆ ಆಗ ನಿರ್ಬಂಧಗಳಿದ್ದುವು. ಕೊನೆಯ 715 ವಸ್ತುಗಳ ಮೇಲಿನ ಪರಿಮಾಣದ ಕಟ್ಟು ಸಡಿಲಿದ್ದು 2001ರ ಏಪ್ರಿಲ್ 1ರಂದು. ಆದರೂ ಟಿ.ವಿ. ಗೇಮು ಬಂತು. ಕೊಳ್ಳಲಾರದವರಿಗಾಗಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಆಡಿಸುವ ಪುಟ್ಟ ಅಂಗಡಿಗಳೂ ಬಂದುವು. ಬೇಸಗೆಯ ರಜೆಯಲ್ಲಿ ಅಂಥ ಅಂಗಡಿಯ ಮುಂದೆ ಬಿಟ್ಟಿದ್ದ ಚಪ್ಪಲಿಗಳ ರಾಶಿಯನ್ನು ನೆನೆದುಕೊಳ್ಳುವವರು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ.

ಆ ಯಂತ್ರಗಳಿಗೆ ನಮ್ಮೂರಿನಲ್ಲಿ ಆಯುಷ್ಯ ಕೊಟ್ಟವರು ಯಾರು? ತಯಾರಕರಲ್ಲ, ಅವರ ವಿಳಾಸವೇ ಯಾರಿಗೂ ತಿಳಿಯದು. ರೇಡಿಯೋ, ಟೇಪ್‌ರೆಕಾರ್ಡರುಗಳನ್ನು ಬಿಚ್ಚಿ ಕಟ್ಟುತ್ತಿದ್ದ ನಮ್ಮ ರಿಪೇರಿ ಅಂಗಡಿಯವರು. ಅಡಾಪ್ಟರು ಸುಟ್ಟರೆ ಬೇರೆಯದನ್ನು ಹಾಕಿದರು. ರಿಮೋಟಿನ ತಂತಿ ಹರಿದರೆ ಬೆಸೆದರು. ಕ್ಯಾಸೆಟ್ಟಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೊಟ್ಟರು. ಮಕ್ಕಳಾದರೋ ಕ್ಯಾಸೆಟ್ಟಿಗೆ ಉಫ್ ಎಂದು ಊದುವುದನ್ನೇ ಮಹಾಮಂತ್ರವೆಂದು ನಂಬಿದ್ದರು. ಉಸಿರಿನ ತೇವದಿಂದ ಹಲ್ಲುಗಳು ಕೆಡುತ್ತವೆಂದು ನಿಂಟೆಂಡೊದವರೇ ಎಚ್ಚರಿಸಿದ್ದರೂ ಆ ಮಂತ್ರ ಪ್ರಪಂಚದಾದ್ಯಂತ ನಡೆಯಿತು.

ಕ್ರಮೇಣ ತಯಾರಕರು ಇಡೀ ಯಂತ್ರವನ್ನು ಒಂದೇ ಚಿಪ್ಪಿನೊಳಗೆ ಅಡಗಿಸಿ, ಅದರ ಮೇಲೆ ಕರಿಯ ಅಂಟನ್ನು ಹೊಯ್ಯುವುದನ್ನು ಕಲಿತರು. ಬೆಲೆ ಇನ್ನೂ ಇಳಿಯಿತು. ಹೊಳಲ್ಕೆರೆಯ ಒಂದು ರಿಪೇರಿ ಅಂಗಡಿಯಲ್ಲಿ ನಾನೇ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಮೊಮ್ಮಗನ ಗೇಮನ್ನು ಸೆರಗಿನಲ್ಲಿ ಸುತ್ತಿ ತಂದಿದ್ದ ಮುದುಕಿಯೊಬ್ಬರು, “ಏನಪ್ಪ, ಇದು ಸರಿಹೋಗುತ್ತಾ?” ಎಂದರು. ಅವನು ಬಿಚ್ಚಿ ನೋಡಿ, “ಅಜ್ಜೀ, ಇದರೊಳಗೆ ನಾನು ಮುಟ್ಟೋದು ಏನೈತೆ ಹೇಳು? ಒಂದು ಕರೀ ಬೊಟ್ಟು ಐತೆ, ಅಷ್ಟೆ” ಎಂದ. ಅಗ್ಗದ ಬೆಲೆಗೆ ನಾವು ತೆತ್ತದ್ದು ಏನೆಂಬುದು ಆ ಒಂದು ಮಾತಿನಲ್ಲಿದೆ. ಯಂತ್ರ ಅಗ್ಗವಾದಷ್ಟೂ ಅದು ನಮ್ಮವರ ಕೈಗೆ ಎಟುಕದಂತಾಯಿತು.

9999 ಆಟಗಳು

ಈ ಪೆಟ್ಟಿಗೆಗಳ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. “9999 ಆಟಗಳು ಒಂದರಲ್ಲಿ” ಎಂದು ಬರೆದ ಕ್ಯಾಸೆಟ್ಟುಗಳು ಬಂದುವು. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಪಟ್ಟಿಯಲ್ಲಿ ಅವೇ ಬೇರೆಬೇರೆ ಹಂತದಿಂದ ಆರಂಭವಾಗಿ ಬೇರೆಬೇರೆ ಹೆಸರು ಹೊತ್ತು ಕೂತಿರುತ್ತಿದ್ದುವು. ಆ ಬೆರಳೆಣಿಕೆಯ ಆಟಗಳಾದರೂ ಬೇರೆಯವರ ದುಡಿಮೆ. ಅವನ್ನು ಕಲ್ಪಿಸಿ ಬರೆದವರಿಗೆ ಒಂದು ಕಾಸೂ ಸೇರಲಿಲ್ಲ. ಕಳ್ಳಮಾಲು ಅಗ್ಗವಾಗಿರುವುದರಲ್ಲಿ ಆಶ್ಚರ್ಯವೇನು? ಯಂತ್ರದ ಹಕ್ಕುಪತ್ರಗಳ ಅವಧಿ 2000ರ ದಶಕದಲ್ಲಿ ಮುಗಿಯಿತು; ಆಟಗಳ ಮೇಲಿನ ಹಕ್ಕು ಹಾಗೆ ಮುಗಿದಿಲ್ಲ.

ಇದರ ಕೇಡು ಜಪಾನಿನವರಿಗೆ ಆದ ನಷ್ಟವಷ್ಟೇ ಅಲ್ಲ, ನಮಗೂ ಆಯಿತು. ಆಟಗಳು ಬಿಟ್ಟಿಯಾಗಿ ಸಿಕ್ಕುವಾಗ ಹೊಸ ಆಟವನ್ನು ಇಲ್ಲಿ ಯಾರು ಬರೆದಾರು? ಬರೆದವನಿಗೆ ಯಾರು ಕೊಟ್ಟಾರು? ಒಂದು ಪೀಳಿಗೆಯ ಕನ್ನಡದ ಮಕ್ಕಳು ಸಾವಿರಾರು ಗಂಟೆ ಆಡಿದರು. ಅವರ ಪರದೆಯ ಮೇಲೆ ಒಂದು ಕನ್ನಡ ಅಕ್ಷರ ಮೂಡಲಿಲ್ಲ.

ಬೆಂಗಳೂರಿನ ಒಂದು ಪ್ರಯತ್ನ

ಕನ್ನಡ ನಾಡಿನಲ್ಲಿಯೇ ಅಗ್ಗದ ಯಂತ್ರವನ್ನು ಮಾಡುವ ಪ್ರಾಮಾಣಿಕ ಪ್ರಯತ್ನವೊಂದು ನಡೆಯದೆ ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೊಡನೆ ಕೂಡಿ ಸಿಂಪ್ಯೂಟರ್ ಎಂಬ ಕೈಯಳತೆಯ ಗಣಕವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಓದುಬಾರದವರೂ ಬಳಸಬೇಕು, ದೇಶಭಾಷೆಗಳನ್ನು ಅದು ಆಡಿ ತೋರಿಸಬೇಕು, ಅದರ ನಕ್ಷೆ ಎಲ್ಲರಿಗೂ ತೆರೆದಿರಬೇಕು ಎಂಬುದು ಅವರ ಸಂಕಲ್ಪ. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮೇಲ್ಪಟ್ಟ ಬೆಲೆಗಳಲ್ಲಿ ಮಾರಾಟಕ್ಕೆ ಬಂತು.

ಅದರಲ್ಲಿ ಒಂದು ಆಟವಿತ್ತು, ಹೆಸರು ಗೋಲ್‌ಗೋಲಿ. ಯಂತ್ರವನ್ನು ಕೈಯಲ್ಲಿ ಹಿಡಿದು ಅತ್ತಿತ್ತ ವಾಲಿಸಿದರೆ ಪರದೆಯ ಮೇಲಿನ ಗೋಲಿ ಸುತ್ತುದಾರಿಯಲ್ಲಿ ಉರುಳುತ್ತಿತ್ತು. ವಾಲಿಸಿ ಆಡುವ ಆಟ ಇಂದು ಯಾವ ಫೋನಿನಲ್ಲಾದರೂ ಉಂಟು. ಆದರೆ ಆಪಲ್ ಸಂಸ್ಥೆಯ ಮೊದಲ ಫೋನು ಬಂದದ್ದು 2007ರಲ್ಲಿ. ನಮ್ಮ ಬೀದಿಯ ಗೋಲಿಯಾಟ ಅದಕ್ಕೆ ಮೂರು ವರ್ಷ ಮೊದಲೇ ಬೆಂಗಳೂರಿನ ಯಂತ್ರದೊಳಗೆ ಉರುಳಿತ್ತು.

ಆದರೂ ಸಿಂಪ್ಯೂಟರ್ ಬಾಳಲಿಲ್ಲ. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಮೊಬೈಲ್ ಫೋನಿನ ಬೆಲೆ ಇಳಿಯತೊಡಗಿತ್ತು. ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳಲು ಇದಕ್ಕೆ ಬೇಕಾದಷ್ಟು ಆಟಪಾಠಗಳು ಇರಲಿಲ್ಲ. ಕಳ್ಳಪೆಟ್ಟಿಗೆಗೆ ಆಟಗಳಿದ್ದುವು, ಪ್ರಾಮಾಣಿಕತೆಯಿರಲಿಲ್ಲ. ಇದಕ್ಕೆ ಪ್ರಾಮಾಣಿಕತೆಯಿತ್ತು, ಆಟಗಳಿರಲಿಲ್ಲ.

ದೂರದ ದಾರಕ್ಕೆ ಕಟ್ಟಿದ ಯಂತ್ರಗಳು

ಹೊಸ ತಯಾರಕರ ಎರಡು ಸಾಹಸಗಳನ್ನು ಇಲ್ಲಿ ನೆನೆಯಬೇಕು. 2009ರಲ್ಲಿ ಬ್ರೆಜಿಲ್ ದೇಶದಲ್ಲಿ ಜೀಬೋ ಎಂಬ ಯಂತ್ರ ಬಂತು. ಹಿಂದುಳಿದ ದೇಶಗಳ ಮಧ್ಯಮ ವರ್ಗಕ್ಕಾಗಿಯೇ ಮಾಡಿದ್ದು. ಕ್ಯಾಸೆಟ್ಟಿನ ಗೋಜಿಲ್ಲದೆ, ಕಳ್ಳನಕಲಿಗೆ ಎಡೆಯಿಲ್ಲದೆ, ಮೊಬೈಲ್ ಜಾಲದ ಮೂಲಕವೇ ಆಟಗಳು ಇಳಿದುಬರುವ ಏರ್ಪಾಡು. 2011ರಲ್ಲಿ ಜಾಲವನ್ನು ನಿಲ್ಲಿಸಿದರು. ಹೊಸ ಆಟ ಬರುವ ದಾರಿ ಅಲ್ಲಿಗೇ ಮುಚ್ಚಿತು. ಅಮೆರಿಕದಲ್ಲಿ ಊಯಾ ಎಂಬ ಹೊಸ ಸಂಸ್ಥೆ 2012ರಲ್ಲಿ ಸಾರ್ವಜನಿಕರಿಂದಲೇ ಸುಮಾರು 85 ಲಕ್ಷ ಡಾಲರ್ ಕೂಡಿಸಿ, 2013ರಲ್ಲಿ 99 ಡಾಲರಿಗೆ ಯಂತ್ರವನ್ನು ಮಾರಿತು. ಎರಡು ವರ್ಷಕ್ಕೆ ಸಂಸ್ಥೆ ಇನ್ನೊಬ್ಬರ ಪಾಲಾಯಿತು; 2019ರ ಜೂನ್ 25ರಂದು ಅದರ ಆಟಗಳ ಭಂಡಾರದ ಬಾಗಿಲು ಹಾಕಿದರು.

ವಿಚಿತ್ರವನ್ನು ನೋಡಿ: 1990ರ ದಶಕದ ವಿಳಾಸವಿಲ್ಲದ ನಕಲಿ ಪೆಟ್ಟಿಗೆಯನ್ನು ಅಟ್ಟದಿಂದಿಳಿಸಿ ಧೂಳೊರೆಸಿದರೆ ಇಂದಿಗೂ ಅದು ಆಡಬಹುದು. ಕೋಟಿಗಟ್ಟಲೆ ಬಂಡವಾಳದ ಪ್ರಾಮಾಣಿಕ ಯಂತ್ರಗಳು ತಯಾರಕನ ಜೊತೆಯಲ್ಲೇ ಸಹಗಮನ ಮಾಡಿದುವು. ಅಳಗುಳಿ ಮಣೆಯ ಗುಣವನ್ನು ನೆನಪಿನಲ್ಲಿಡಿ ಎಂದು ಆಗಲೇ ಹೇಳಿದ್ದು ಇದಕ್ಕಾಗಿ.

ಇಂದಿನ ಸಂತೆ

ಈಗ ಚೀನದ ಆನ್‌ಬರ್ನಿಕ್, ಮಿಯೂ ಮೊದಲಾದ ಹೊಸಬರು ಅಂಗೈಯಗಲದ ಯಂತ್ರಗಳನ್ನು ಮಾಡುತ್ತಿದ್ದಾರೆ. ಒಂದರೊಳಗೆ ಹತ್ತಾರು ಹಳೆಯ ಯಂತ್ರಗಳ ವೇಷವನ್ನು ತೊಡಿಸಿರುತ್ತಾರೆ. ಆ ವೇಷದ ಕ್ರಮವಿಧಿಗಳನ್ನು ಬರೆದವರು ಲೋಕದ ಉತ್ಸಾಹಿಗಳು. ಬಹುಪಾಲು ಉಚಿತವಾಗಿ ಹಂಚಿದವರು. ಯಂತ್ರ ಚೆನ್ನಾಗಿದೆ, ಬಿಚ್ಚಿ ಬ್ಯಾಟರಿ ಬದಲಿಸಬಹುದಾದವೂ ಇವೆ. ಆದರೆ ಇವುಗಳ ಜೊತೆಗೆ ಮಾರುವವರು ಎಷ್ಟೋ ವೇಳೆ ತುರುಕಿಕೊಡುವ ಸಾವಿರಾರು ಆಟಗಳು ಮತ್ತದೇ ಕಳ್ಳಮಾಲು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಬ್ಲೇಜ್ ಸಂಸ್ಥೆಯವರು 2020ರಲ್ಲಿ ತಂದ ಎವರ್‌ಕೇಡ್ ಯಂತ್ರ ಹಳೆಯ ಆಟಗಳನ್ನು ಹಕ್ಕುದಾರರ ಒಪ್ಪಿಗೆ ಪಡೆದು ಕ್ಯಾಸೆಟ್ಟಿನಲ್ಲಿ ಕೊಡುತ್ತದೆ. ಮಾರ್ಗವಿಲ್ಲದಿಲ್ಲ ಎಂಬುದಕ್ಕೆ ಅದೊಂದು ನಿದರ್ಶನ.

ಫೋನು ಇರುವಾಗ ಬೇರೆ ಯಂತ್ರವೇಕೆ ಎನ್ನಬಹುದು. ಫೋನಿನ ಆಟ ನಮ್ಮದಲ್ಲ, ಇರುವವರೆಗೆ ಇರುವುದು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಆಟವನ್ನು ಸರ್ಕಾರ ನಿಷೇಧಿಸಿದಾಗ ಕೋಟ್ಯಂತರ ಹುಡುಗರಿಗೆ ಅದು ತಿಳಿಯಿತು. ಹಣ ಕಟ್ಟಿ ಆಡುವ ಆಟಗಳ ಹಾವಳಿ ಎಷ್ಟಾಯಿತೆಂದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ಕಾನೂನಿನಿಂದಲೇ ತಡೆಯಬೇಕಾಯಿತು. ಜಾಲಕ್ಕೆ ಸೇರದ, ಹಣ ಕೇಳದ, ಒಮ್ಮೆ ಕೊಂಡರೆ ಮುಗಿದುಹೋಗುವ ಆಟದ ಪೆಟ್ಟಿಗೆಗೆ ಇಂದು ಮತ್ತೆ ಬೆಲೆ ಬಂದಿದೆ. ಆದರೆ ಅಧಿಕಾರಿಗಳ ಕಣ್ಣಿಗೆ ಅದು ಬಹುಕಾಲ ಭೋಗವಸ್ತುವಾಗಿತ್ತು: 2017ರ ಸರಕು ಸೇವಾ ತೆರಿಗೆಯಲ್ಲಿ ಕೇರಂ, ಚದುರಂಗಗಳ ಹಲಗೆಗೆ ನೂರಕ್ಕೆ 12 ಇದ್ದರೆ ವಿಡಿಯೋ ಗೇಮ್ ಯಂತ್ರಕ್ಕೆ 28 ಇತ್ತು. ಆ ಹಂತಗಳ ಕಟ್ಟು ಬದಲಾದದ್ದು 2025ರ ಸೆಪ್ಟೆಂಬರಿನಲ್ಲಿ.

ಓಬವ್ವನ ಕಿಂಡಿ

ಹಾಗಾದರೆ ಮುಂದೇನು? ಬಾಳಿಕೆ ಬಂದೀತೆ ಎಂಬ ಮೊದಲ ಪ್ರಶ್ನೆಯನ್ನು ಚರಿತ್ರೆ ಮೂರಾಗಿ ಒಡೆದು ನಮ್ಮ ಕೈಗೆ ಕೊಡುತ್ತದೆ. ಮಾಡಿದವನು ಅಂಗಡಿ ಮುಚ್ಚಿದರೂ ಯಂತ್ರ ಆಡುತ್ತದೆಯೆ? ಕೆಟ್ಟರೆ ಒಂದು ಬಸ್ಸಿನ ದೂರದಲ್ಲಿ ಸರಿಪಡಿಸುವವರು ಸಿಕ್ಕುತ್ತಾರೆಯೆ? ಇದಕ್ಕೆ ಆಟಗಳು ಎಲ್ಲಿಂದ ಬರುತ್ತವೆ, ಬರೆದವನಿಗೆ ಕೂಲಿ ಸಿಕ್ಕುತ್ತದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಯಂತ್ರಕ್ಕೆ ಭವಿಷ್ಯವುಂಟು. ಬೆಲೆಯೊಂದೇ ಕಡಿಮೆಯಾದರೆ ಅಲಮೊಗಾರ್ಡೊದ ಗುಂಡಿ ದೂರವಿಲ್ಲ.

ಮೂರನೆಯ ಪ್ರಶ್ನೆಗೆ ಹೊರಗಿನವರು ಉತ್ತರ ಕೊಡಲಾರರು. ಹಳೆಯ ಫ್ಯಾಮಿಕಾಮಿಗೆ ಇಂದಿಗೂ ಹೊಸ ಆಟಗಳನ್ನು ಬರೆಯುವ ಹವ್ಯಾಸಿಗಳು ಲೋಕದಲ್ಲಿದ್ದಾರೆ. 1985ರ ಮಾರಿಯೋ ಆಟದ ಗಾತ್ರ ಕೇವಲ 40 ಕಿಲೋಬೈಟು. ಫೋನಿನಲ್ಲಿ ತೆಗೆದ ಒಂದು ಭಾವಚಿತ್ರ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆ ಯಂತ್ರದಲ್ಲಿ ಹಿನ್ನೆಲೆಯ ಚಿತ್ರಕ್ಕೆಂದು ಒಮ್ಮೆಗೆ ಸಿಕ್ಕುವುದು ಎಂಟೆಂಟು ಚುಕ್ಕಿಗಳ 256 ತುಂಡುಗಳು. ಇಂಗ್ಲಿಷಿನ 26 ಅಕ್ಷರ ಅದರಲ್ಲಿ ಸುಲಭವಾಗಿ ಕೂರುತ್ತವೆ. ಗುಣಿತಾಕ್ಷರ ಒತ್ತಕ್ಷರಗಳ ನಮ್ಮ ಲಿಪಿ ಕೂರುವುದಿಲ್ಲ. ಇಂದಿನ ಅಂಗೈ ಯಂತ್ರಗಳಿಗೆ ಆ ಅಡ್ಡಿ ಇಲ್ಲ. ಕನ್ನಡ ಕಾಣದಿದ್ದರೆ ತಪ್ಪು ಯಂತ್ರದ್ದಲ್ಲ.

ಕಥೆಗೆ ಬರವೆ? ದುರ್ಗದ ಕೋಟೆಯ ಆ ಕಿಂಡಿಯನ್ನು ನೋಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಅದರಲ್ಲಿ ನುಸುಳಿಬರುತ್ತಿದ್ದಾರೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಬಂದ ಓಬವ್ವನ ಕೈಯಲ್ಲಿ ಒಂದು ಒನಕೆ. ಸದ್ದು ಹೊರಗೆ ಕೇಳಬಾರದು, ಒಬ್ಬನೂ ತಪ್ಪಿಸಿಕೊಳ್ಳಬಾರದು. ಒಂದೇ ಪರದೆ, ಒಂದೇ ಆಯುಧ, ಕ್ಷಣಕ್ಷಣಕ್ಕೂ ಏರುವ ಕಷ್ಟ: ಆಟ ಬರೆಯುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಅವಳ ಆಯುಧವೂ ಮನೆಯ ಅತ್ಯಂತ ಅಗ್ಗದ ವಸ್ತುವೇ ಆಗಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇದೆ. ಶಾಲೆಯ ಅಧ್ಯಾಪಕರು ಅಲ್ಲಿ ವಿಜ್ಞಾನದ ತರಬೇತಿ ಪಡೆದಿದ್ದಾರೆ. ಗೋಲ್‌ಗೋಲಿಯ ಊರಿನವರೂ ಓಬವ್ವನ ಊರಿನವರೂ ಇಷ್ಟು ಹತ್ತಿರದಲ್ಲಿದ್ದಾರೆ. ಹಿರಿಯೂರಿನ, ಹೊಸದುರ್ಗದ ಹೈಸ್ಕೂಲಿನ ಹುಡುಗ ಹುಡುಗಿಯರು ತಾವೇ ಆಟವೊಂದನ್ನು ಬರೆದು ಅಗ್ಗದ ಯಂತ್ರದಲ್ಲಿ ಹಾಕಿ ಆಡುವ ದಿನ ಬಂದರೆ, ಆ ಯಂತ್ರದ ಹಿಂಬದಿಯಲ್ಲಿ ಯಾವ ದೇಶದ ಹೆಸರಿದ್ದರೇನಂತೆ? ಚಂದ್ರವಳ್ಳಿಗೆ ಬಂದ ರೋಮಿನ ನಾಣ್ಯವೂ ಪರದೇಶದ್ದೇ. ಆದರೆ ಅದಕ್ಕೆ ಬದಲಾಗಿ ಕೊಡಲು ಇಲ್ಲಿಯವರ ಹತ್ತಿರ ಏನೋ ಒಂದು ಸ್ವಂತದ ಸರಕು ಇತ್ತು. ಆದುದರಿಂದಲೇ ಆ ನಾಣ್ಯ ಇಲ್ಲಿಗೆ ಬಂತು.